ಸೂಪರ್ ಕಪ್ ಫುಟ್ಬಾಲ್ ಆದ ಮೇಲೆ ಪಣಜಿಯ ಡೆಂಪೊ ಕ್ಲಬ್ ಎಲ್ಲಿಗೆ ಬಂತು? ಎಫ್‌ಸಿ ಗೋವಾ ಗದ್ದಲದಲ್ಲಿ ಯಾರೂ ಮಾತಾಡ್ತಿಲ್ಲ, ಅದಕ್ಕೆ ಈ ಚರ್ಚೆ

ತಾಳೆಗಾಂವ್ ಗದಗಿನಂವ

ಎಫ್‌ಸಿ ಗೋವಾ ಸೂಪರ್ ಕಪ್ ಗೆದ್ದಿದ್ದಕ್ಕೆ ಇಲ್ಲಿ ಹಬ್ಬ ನಡೀತಿದೆ. ನಡೀಲಿ, ಬೇಡ ಅನ್ನಲ್ಲ. 2025ರ ಡಿಸೆಂಬರ್ 7ರ ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್‌ನ ಪೆನಾಲ್ಟಿಯಲ್ಲಿ 6-5ಕ್ಕೆ ಕೆಡವಿದ್ದು ಸಣ್ಣ ಮಾತಲ್ಲ. ಆದರೆ ಅದೇ ಈಸ್ಟ್ ಬೆಂಗಾಲ್‌ನ ಅಕ್ಟೋಬರ್‌ನಲ್ಲಿ ಬಾಂಬೋಳಿಯಲ್ಲಿ 2-2ಕ್ಕೆ ಹಿಡಿದು ನಿಲ್ಲಿಸಿದ ತಂಡ ಯಾವುದು ಅಂತ ಈ ಗುಂಪಿನಲ್ಲಿ ಯಾರಿಗೂ ನೆನಪಿದ್ದ ಹಾಗೆ ಕಾಣಲ್ಲ. ಡೆಂಪೊ. ಮುಂದಿನ ಮ್ಯಾಚಿನಲ್ಲಿ ಮೋಹನ್ ಬಾಗಾನ್ ಜೊತೆ 0-0. ಅದೂ ಡೆಂಪೊ.

ರಿಯಲ್ ಕಾಶ್ಮೀರ್ ಬರಲ್ಲ ಅಂದಿದ್ದಕ್ಕೆ ಅವರ ಜಾಗಕ್ಕೆ ಕರೆಸಿಕೊಂಡ ತಂಡ ಇದು. ಒಬ್ಬ ವಿದೇಶಿ ಆಟಗಾರನೂ ಇಲ್ಲ. ಹೆಚ್ಚಿನವರು ಗೋವಾದ ಹುಡುಗರೇ. ಎದುರಿಗೆ ನಿಂತಿದ್ದು ಆರು ವಿದೇಶಿಯರನ್ನು ಇಟ್ಟುಕೊಂಡ, ದೇಶದ ಮೇಲಿನ ಲೀಗಿನ, ಅಂದರೆ ಐಎಸ್‌ಎಲ್ ತಂಡಗಳು. ಮೋಹನ್ ಬಾಗಾನ್‌ನ ಮುಂದಿನ ಸಾಲಿನ ಒಬ್ಬನ ಸಂಬಳದಲ್ಲಿ ನಮ್ಮ ಇಡೀ ತಂಡ ಸಾಕಬಹುದೇನೋ. (ಲೆಕ್ಕ ಹಾಕಿ ಹೇಳಿದ್ದಲ್ಲ, ಹೊಟ್ಟೆಉರಿಗೆ ಹೇಳಿದ್ದು.)

ನಾನು ಹೇಳಬೇಕಿರೋದು ಇಷ್ಟು. ಎರಡು ಡ್ರಾ ನೋಡಿ "ಇನ್ನೇನು ಐಎಸ್‌ಎಲ್‌ಗೆ ಹೋಗಬೇಕು, ದುಡ್ಡು ಸುರೀರಿ" ಅನ್ನೋರು ಸ್ವಲ್ಪ ತಡೀರಿ. ಈ ತಂಡಕ್ಕೆ ಈಗ ಬೇಕಿರೋದು ಬಡ್ತಿಯಲ್ಲ. ಇದೇ ಹುಡುಗರು ಇದೇ ಕೋಚ್ ಕೈಕೆಳಗೆ ಇನ್ನೂ ಒಂದೆರಡು ಸೀಸನ್ ಒಟ್ಟಿಗೆ ಇರಬೇಕು. ಮುಂದಿನ ವರ್ಷದ ತಂಡದ ಪಟ್ಟಿಯಲ್ಲಿ ಇವರಲ್ಲಿ ಎಷ್ಟು ಜನ ಉಳಿದಿರ್ತಾರೆ ಅನ್ನೋದೇ ನನಗೆ ಪ್ರಗತಿಯ ಅಳತೆ. ಪಾಯಿಂಟ್ಸ್ ಟೇಬಲ್ ಆಮೇಲೆ.

ಕೋಚ್ ಸಮೀರ್ ನಾಯ್ಕ್, ಡೆಂಪೊ ಕಪ್ ಮೇಲೆ ಕಪ್ ಗೆಲ್ಲುತ್ತಿದ್ದ ಕಾಲದಲ್ಲಿ ಹಿಂದಿನ ಸಾಲಿನಲ್ಲಿ ಆಡಿದ ಮನುಷ್ಯ. ಅವನ ತಂಡ ಆಡೋದು ನೋಡಿದರೆ ಡಿಫೆಂಡರ್ ಕಟ್ಟಿದ ತಂಡ ಅಂತ ತಿಳಿಯುತ್ತೆ. ಚೆಂಡು ಕಳಕೊಂಡ ಕೂಡಲೇ ಎಲ್ಲರೂ ನಡುವಿಗೆ ಸೇರ್ಕೊಳ್ತಾರೆ, ಬದಿಯಿಂದ ಕ್ರಾಸ್ ಹಾಕೋದಾದ್ರೆ ಹಾಕ್ಕೊ ಅಂತ ಬಿಡ್ತಾರೆ. ಚೆಂದದ ಆಟ ಅಂತ ಹೇಳಲ್ಲ. ಆದರೆ ತೊಂಬತ್ತು ನಿಮಿಷ ಯಾರೂ ತಮ್ಮ ಜಾಗ ಮರೀಲಿಲ್ಲ. ಈಸ್ಟ್ ಬೆಂಗಾಲ್ ಮೇಲೆ ಮೊದಲ ಗೋಲು ನಮ್ಮದು, ಆಮೇಲೆ ಎರಡು ತಿಂದು ಹಿಂದೆ ಬಿದ್ದರು, ಕೊನೆ ಗಳಿಗೆಯಲ್ಲಿ ಲಕ್ಷ್ಮಣರಾವ್ ರಾಣೆ ಸಮ ಮಾಡಿದ. ಹಿಂದೆ ಬಿದ್ದ ಮೇಲೂ ಗಾಬರಿಯಾಗದೆ ಅದೇ ಆಟ ಆಡ್ತಾ ಇದ್ದರಲ್ಲ, ನನಗೆ ಹಿಡಿಸಿದ್ದು ಅದು.

ನಿಮ್ಮ ಅಭಿಪ್ರಾಯ ಹೇಳಿ. ಎಫ್‌ಸಿ ಗೋವಾದವರಿಗೂ ಸ್ವಾಗತ, ಗಲಾಟೆ ಮಾಡದಿದ್ದರೆ.

ಮಡಗಾಂವ್ ಕೆಂಪು

ಗೋವಾದ ಇನ್ನೊಂದು ಕ್ಲಬ್ಬು ಚರ್ಚಿಲ್ ಬ್ರದರ್ಸ್ ಕಡೆಯವನು ಬಂದಿದ್ದೀನಿ, ಹೊಡೀಬೇಡಿ.

ಡ್ರಾ ಮಾಡಿಕೊಂಡಿದ್ದಕ್ಕೆ ಇಷ್ಟುದ್ದ ಬರೆಯೋದು ಡೆಂಪೊದವರಿಗೇ ಸಾಧ್ಯ. ನಾವು ಐ-ಲೀಗ್‌ನಲ್ಲಿ (ಐಎಸ್‌ಎಲ್ ಕೆಳಗಿನ ಲೀಗು) ಮೊದಲ ಸ್ಥಾನ ಅಂತ ಏಪ್ರಿಲ್‌ನಲ್ಲಿ ಘೋಷಣೆ ಆಯ್ತು, ಜುಲೈನಲ್ಲಿ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಾಲಯ ಅಲ್ಲ, ಇಂಟರ್ ಕಾಶಿ ಅಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದರ ಮುಂದೆ ನಿಮ್ಮ ಡ್ರಾ ಯಾವ ಲೆಕ್ಕ?

ತಾಳೆಗಾಂವ್ ಗದಗಿನಂವ

ನಿಮ್ಮ ಸಂಕಟ ಗೊತ್ತು ಮಾರಾಯ್ರೆ. ಅದಕ್ಕೆ ಬೇರೆ ಚರ್ಚೆ ಇದೆ, ಅಲ್ಲಿ ನಾನೂ ನಿಮ್ಮ ಪರವಾಗೇ ಬರೆದಿದ್ದೀನಿ. ಮೈದಾನದಲ್ಲಿ ಆಗಬೇಕಾದ್ದು ಕೋರ್ಟಿನಲ್ಲಿ ಆಗೋದು ಯಾರಿಗೂ ಬೇಡ.

ಬೆಂಗ್ಳೂರ್ ಟು ವೆರ್ಣಾ

ಡೆಂಪೊ ಬಗ್ಗೆ ನನಗೆ ಒಂದು ಥರಾ ನಂಟಿದೆ. 2023-24ರ ಐ-ಲೀಗ್ 2ರಲ್ಲಿ ಮೊದಲು ಬಂದಿದ್ದು ನಮ್ಮ ಎಸ್‌ಸಿ ಬೆಂಗಳೂರು, ಎರಡನೇದು ಡೆಂಪೊ. ಎರಡೂ ಒಟ್ಟಿಗೆ ಮೇಲೆ ಹೋದವು. ನಾನು ಆಗಷ್ಟೇ ಕೆಲಸಕ್ಕೆ ಅಂತ ವೆರ್ಣಾಗೆ ಬಂದಿದ್ದೆ, ಹುಟ್ಟಿದೂರಿನ ತಂಡ ಬಂದೂರಿನ ತಂಡ ಎರಡೂ ಐ-ಲೀಗ್‌ನಲ್ಲಿ ಅಂತ ಖುಷಿಯೋ ಖುಷಿ.

ಮುಂದಿನ ವರ್ಷವೇ ನಮ್ಮವರು ಡೆಲ್ಲಿ ಎಫ್‌ಸಿ ಜೊತೆ ಕೆಳಗಿಳಿದರು. ಡೆಂಪೊ ಉಳೀತು. ಕೆಳಗಿನ ಲೀಗಿನಲ್ಲಿ ನಮಗಿಂತ ಹಿಂದಿದ್ದ ತಂಡ ಮೇಲೆ ಹೋಗಿ ನಮಗಿಂತ ಗಟ್ಟಿಯಾಗಿ ನಿಂತಿತು ಅಂದ್ರೆ ಏನೋ ಕಾರಣ ಇರಬೇಕಲ್ಲ? ನನ್ನ ಪ್ರಕಾರ ಅದು ಬೇರು. ಹಳೆ ಗೋವಾದ ಎಲಾದಲ್ಲಿ ಡೆಂಪೊಗೆ ಸ್ವಂತ ತರಬೇತಿ ಮೈದಾನ ಇದೆ. ಬೆಂಗಳೂರಿನಲ್ಲಿ ಸಣ್ಣ ಕ್ಲಬ್ಬಿನವರು ಅಭ್ಯಾಸಕ್ಕೆ ಮೈದಾನ ಹಿಡಿಯೋದಕ್ಕೇ ಅರ್ಧ ಜೀವ ತೇಯ್ತಾರೆ. ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ, ಬಾಡಿಗೆ ಗಂಟೆ ಲೆಕ್ಕದಲ್ಲಿ. ಇನ್ನೊಬ್ಬರು ಬುಕ್ ಮಾಡಿದ್ದರೆ ಕಾರ್ನರ್ ಅಭ್ಯಾಸ ಅರ್ಧಕ್ಕೇ ಬಿಟ್ಟು ಎದ್ದು ಹೋಗಬೇಕು.

ಹಾಗಾಗಿ ಗದಗಿನಣ್ಣ ಹೇಳಿದ್ದಕ್ಕೆ ನನ್ನ ವೋಟು. ಆದರೆ ಒಂದು ತಕರಾರಿದೆ. ಗೋಲು ಹೊಡೆಯೋರು ಯಾರು? ರಕ್ಷಣೆ ಆಡಿ ಕಪ್ಪಿನಲ್ಲಿ ಡ್ರಾ ಮಾಡ್ಕೋಬಹುದು. ಲೀಗಿನಲ್ಲಿ ಡ್ರಾ ಅಂದ್ರೆ ಒಂದು ಪಾಯಿಂಟು ಅಷ್ಟೇ. ಹತ್ತು ಡ್ರಾ ಮಾಡ್ಕೊಂಡ ತಂಡ ಮೂರು ಗೆದ್ದು ಏಳು ಸೋತ ತಂಡಕ್ಕಿಂತ ಒಂದೇ ಪಾಯಿಂಟು ಮುಂದೆ.

ಬೈನಾ ಬಸ್ಯಾ

ಅಣ್ಣಾರ ಎಲ್ಲಾ ಬರೋಬ್ಬರಿ ಬರದೀರಿ. "ಗೋವಾದ ಹುಡುಗೂರು" ಅಂತ ಬರದೀರಲ್ರಿ, ಅಲ್ಲಿ ನನಗ ಸ್ವಲ್ಪ ತಡೀತು.

ವಾಸ್ಕೋದಾಗ ಬೈನಾ, ಝುವಾರಿ ನಗರ, ಇತ್ತಾಗ ಬಿರ್ಲಾ ಕಡೆ ಬರ್ರಿ. ಸಂಜಿಮುಂದ ಚೆಂಡು ಒದಿಯೂ ಹುಡುಗೂರೊಳಗ ಅರ್ಧಕ್ಕರ್ಧ ನಮ್ಮ ಬಾದಾಮಿ, ಹುನಗುಂದ, ಕುಷ್ಟಗಿ ಕಡೆಯವರ ಮಕ್ಳು. ಇಲ್ಲೇ ಬೆಳದಾರ, ಕೊಂಕಣಿ ನಿಮಗಿಂತ ಛಲೋ ಮಾತಾಡ್ತಾರ. ತಿಲಕ್ ಮೈದಾನ ಮನಿ ಹತ್ರ ಐತಿ. ಆದ್ರ ಕ್ಲಬ್ಬಿನ ಪಟ್ಟಿಯೊಳಗ ಎಷ್ಟು ಮಂದಿ ಅದಾರ್ರಿ? ಬೆರಳು ಮಡಚಾಕ ಸುದ್ದಾ ಸಿಗೂದಿಲ್ಲ.

ನಮ್ಮ ಅಕ್ಕನ ಮಗಾ ಹದಿನಾಲ್ಕು ವರ್ಷದಂವ. ಎಡಗಾಲಿನ ಹುಡುಗ, ಓಡಾಕ ನಿಂತ್ರ ಹಿಡಿಯೂದು ಕಷ್ಟ. ಒಂದು ಅಕಾಡೆಮಿ ಟ್ರಯಲ್ಸ್‌ಗೆ ಕರಕೊಂಡು ಹೋಗಿದ್ದೆ (ಡೆಂಪೊ ಅಲ್ರಿ, ಬ್ಯಾರೆದು, ಹೆಸರು ಬ್ಯಾಡ). ಆಟ ನೋಡಿ ಕೋಚ್ "ನಾಳೆ ಕಾಗದಪತ್ರ ತಗೊಂಡು ಬಾ" ಅಂದ. ಮರುದಿನ ಹೋದ್ವಿ. ಜನನ ಪ್ರಮಾಣಪತ್ರ ನೋಡಿದ ಆಫೀಸಿನಂವ ತಲಿ ಅಲ್ಲಾಡಿಸಿದ. ಹುಡುಗ ಹುಟ್ಟಿದ್ದು ಊರಾಗ ಅಜ್ಜಿ ಮನ್ಯಾಗ. ಪ್ರಮಾಣಪತ್ರ ಮಾಡಿಸಿದ್ದು ಸಾಲಿಗೆ ಹಚ್ಚೂ ಮುಂದ, ಅಂದ್ರ ಐದಾರು ವರ್ಷ ತಡ. ವಯಸ್ಸು ಕದ್ದಾರ ಅಂತ ಇಂಥಾ ಕಾಗದ ತಗೊಳ್ಳೂದಿಲ್ಲಂತ. ಆಧಾರ್ ಐತ್ರಿ, ಸಾಲಿ ದಾಖಲಾತಿ ಐತ್ರಿ ಅಂದ್ನಿ. ಆಗೂದಿಲ್ಲ ಅಂದ. ನಮ್ಮ ಹುಡುಗ ಬೂಟಿನ ದಾರ ಕಟ್ಟಿಕೊಂಡೇ ಕುಂತಿತ್ತು, ಬಿಚ್ಚಲೇ ಇಲ್ಲ, ಮನೀತನಾ ಹಂಗ ಬಂತು.

ವಯಸ್ಸು ಕದಿಯೂ ಮಂದಿ ಇದಾರ, ನಾ ಇಲ್ಲ ಅನ್ನಂಗಿಲ್ಲ. ಅದಕ್ಕ ನಿಯಮ ಬೇಕು. ಆದ್ರ ದವಾಖಾನ್ಯಾಗ ಹುಟ್ಟಿದ ಹುಡುಗ ಮಾತ್ರ ಖರೇ ಹದಿನಾಲ್ಕು, ಅಜ್ಜಿ ಮನ್ಯಾಗ ಹುಟ್ಟಿದಂವ ಸುಳ್ಳು ಹದಿನಾಲ್ಕು ಅಂದ್ರ ಹೆಂಗ?

ತಾಳೆಗಾಂವ್ ಗದಗಿನಂವ

ಬಸು, ಈ ಮಾತನ್ನ ಇಷ್ಟು ಬಿಡಿಸಿ ಇಲ್ಲಿ ಯಾರೂ ಬರೆದಿರಲಿಲ್ಲ. ನಾನು "ಗೋವಾದ ಹುಡುಗರು" ಅಂದಾಗ ಆ ನಿನ್ನ ಎಡಗಾಲಿನ ಹುಡುಗನೂ ಅದರಲ್ಲಿ ಸೇರಿದ್ದಾನೆ ಅಂತಲೇ ನನ್ನ ಲೆಕ್ಕ. ಎಲುಬಿನ ಬೆಳವಣಿಗೆ ನೋಡಿ ವಯಸ್ಸು ಅಂದಾಜು ಮಾಡೋ ಪರೀಕ್ಷೆ ಅಂತ ಒಂದಿದೆ, ಮಣಿಕಟ್ಟಿನ ಎಕ್ಸ್‌ರೇ. ನೂರಕ್ಕೆ ನೂರು ಸರಿ ಬರಲ್ಲ, ಆದರೂ ಕಾಗದ ಅನುಮಾನ ಬಂದಲ್ಲಿ ಅದನ್ನಾದರೂ ಕೇಳಿ ನೋಡು. ಯಾವುದಕ್ಕೂ ಮ್ಯಾಜಿಸ್ಟ್ರೇಟರ ಆದೇಶದ ಪ್ರತಿ ಇದ್ದರೆ ಜೊತೆಗೆ ಇಟ್ಕೊ. ತಡವಾಗಿ ನೋಂದಣಿ ಆದದ್ದಕ್ಕೆ ಆದೇಶ ಇದ್ದೇ ಇರುತ್ತೆ.

ಸಾವರ್ಡೆ ಟಿಪ್ಪರ್

ನಮಸ್ಕಾರ ಎಲ್ಲಾರಿಗೂ. ನಾ ಬಾಗಲಕೋಟಿ ಕಡೆಯಂವ. ಗಣಿ ನಡೀತಿದ್ದಾಗ ಸಾವರ್ಡೆದಾಗ ಟಿಪ್ಪರ್ ಹೊಡೀತಿದ್ದೆ, ಈಗ ಮಡಗಾಂವದಾಗ ಟೆಂಪೊ. ಡೆಂಪೊ ಅಲ್ಲ, ಟೆಂಪೊ.

ನನ್ನ ಪ್ರಶ್ನೆ ಒಂದೇ. ನೀವು ಹುಡುಗರು, ಕೋಚು, ಬೇರು ಎಲ್ಲಾ ಮಾತಾಡಿದಿರಿ. ಮಾಲೀಕರ ಬಗ್ಗೆ ಯಾಕ ಯಾರೂ ಮಾತಾಡವಲ್ರಿ? ಇದೇ ಡೆಂಪೊ 2015ರಾಗ ಐ-ಲೀಗ್‌ನಿಂದ ಕೆಳಗ ಬಿತ್ತು. ಮುಂದಿನ ವರ್ಷ ಎರಡನೇ ಡಿವಿಜನ್ ಗೆದ್ದು ಮತ್ತ ಮ್ಯಾಲ ಬಂತು. ಬಂದ ಮ್ಯಾಲ ಏನು ಮಾಡಿದರು? 2016ರಾಗ ನಾವು ಆಡೂದಿಲ್ಲ ಅಂತ ಹೊರಗ ಹೋದರು. ಸಾಲ್ಗಾಂವ್ಕರ್, ಸ್ಪೋರ್ಟಿಂಗ್ ಕ್ಲಬ್ ದ ಗೋವಾ, ಡೆಂಪೊ ಮೂರೂ. ಬೆವರು ಸುರಿಸಿ ಬಡ್ತಿ ತಂದ ಹುಡುಗರು ಆಡಲಿಕ್ಕೆ ಲೀಗೇ ಇಲ್ಲ. ಆ ಹುಡುಗರನ್ನ ಯಾರು ಕೇಳಿದರು?

ಒಮ್ಮೆ ಬಿಟ್ಟು ಹೋದವರು ಮತ್ತೊಮ್ಮೆ ಬಿಡೂದಿಲ್ಲ ಅಂತ ಏನು ಗ್ಯಾರಂಟಿ? ಗಣಿ ನಿಂತ ಮ್ಯಾಲ ರೊಕ್ಕ ಕಡಿಮಿ ಆತು, ಫುಟ್ಬಾಲ್ ಬಿಟ್ಟರು. ನಾಳೆ ಮತ್ತ ಕಡಿಮಿ ಆದರ?

ತಾಳೆಗಾಂವ್ ಗದಗಿನಂವ

ಕಾಕಾ, ನಿಮ್ಮ ಪ್ರಶ್ನೆ ಇಡೀ ಚರ್ಚೆಯಲ್ಲೇ ಗಟ್ಟಿ ಪ್ರಶ್ನೆ. ಆದರೆ ಗಣಿಯ ಮಾತು ಮಾತ್ರ ಹಾಗಲ್ಲ. ಗೋವಾದಲ್ಲಿ ಗಣಿ ನಿಂತಿದ್ದು 2012ರಲ್ಲಿ. ಡೆಂಪೊದವರು ತಮ್ಮ ಅದಿರು ವ್ಯವಹಾರವನ್ನ ಸೇಸಾ ಗೋವಾಕ್ಕೆ 2009ರಲ್ಲೇ ಮಾರಿ ಕೈ ತೊಳಕೊಂಡಿದ್ದರು. ಮಾರಿದ ಮೇಲೂ 2009-10, 2011-12 ಎರಡು ಸಲ ಐ-ಲೀಗ್ ಗೆದ್ದರು. ಗಣಿ ನಿಂತಿದ್ದು ನಿಮ್ಮಂಥ ಟಿಪ್ಪರಿನವರ ಹೊಟ್ಟೆಗೆ ಬಡೀತು, ಊರ ಟೂರ್ನಮೆಂಟುಗಳ ಬಹುಮಾನದ ದುಡ್ಡಿಗೂ ಪೆಟ್ಟು ಬಿತ್ತು. ಡೆಂಪೊ ಹೊರಗೆ ಹೋಗಿದ್ದರ ಕಾರಣ ಬೇರೆ.

2014ರಲ್ಲಿ ಐಎಸ್‌ಎಲ್ ಶುರುವಾಯ್ತು. ಎಫ್‌ಸಿ ಗೋವಾ ಹುಟ್ಟಿದಾಗ ಅದರ ಮಾಲೀಕರಲ್ಲಿ ಇದ್ದವರೇ ಶ್ರೀನಿವಾಸ ಡೆಂಪೊ, ದತ್ತರಾಜ್ ಸಾಲ್ಗಾಂವ್ಕರ್. ಒಂದೇ ಕೈ ಎರಡು ಕಡೆ ಖರ್ಚು ಮಾಡಬೇಕು. 2016ರಲ್ಲಿ ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ ಐಎಸ್‌ಎಲ್‌ನೇ ಮೇಲಿನ ಲೀಗು ಮಾಡ್ತೀವಿ, ಐ-ಲೀಗ್ ಅದರ ಕೆಳಗೆ ಅಂತು. ಐದು ಸಲ ದೇಶದ ಚಾಂಪಿಯನ್ ಆದ ಕ್ಲಬ್ಬಿಗೆ, ಗೆದ್ದರೂ ನೀನು ಎರಡನೇ ದರ್ಜೆಯವನೇ ಅಂದರೆ ಯಾರು ಇರ್ತಾರೆ? ಅವರ ಸಿಟ್ಟು ನನಗೆ ಅರ್ಥ ಆಗುತ್ತೆ. ಆದರೂ ಆಡೋ ಹುಡುಗರನ್ನ ನಡುನೀರಿನಲ್ಲಿ ಕೈಬಿಟ್ಟಿದ್ದು ಸರಿ ಅಂತ ನಾನು ಇವತ್ತಿಗೂ ಒಪ್ಪಲ್ಲ. ಸಿಟ್ಟನ್ನ ಲೀಗಿನ ಒಳಗಿದ್ದು ತೋರಿಸಬಹುದಿತ್ತು. ಚರ್ಚಿಲ್‌ನವರು ಅದೇ ವರ್ಷ ವಾಪಸ್ ಬಂದು ಆಡಿದರು, ಅವರಿಗೂ ಫೆಡರೇಶನ್ ಮೇಲೆ ಪ್ರೀತಿ ಉಕ್ಕಿ ಹರೀತಿರಲಿಲ್ಲ.

ಮಡಗಾಂವ್ ಕೆಂಪು

ಇದನ್ನ ಸ್ಕ್ರೀನ್‌ಶಾಟ್ ತಗೊಂಡಿದ್ದೀನಿ. ಡೆಂಪೊ ಅಭಿಮಾನಿಯೊಬ್ಬ ಚರ್ಚಿಲ್‌ನ ಹೊಗಳಿದ ದಿನ.

ಕಾರವಾರಿ ಬಾಂಗ್ಡೆ

ನಾನು ಕಾರವಾರದಿಂದ ರೈಲು ಹಿಡಿದು ಮ್ಯಾಚಿಗೆ ಬರೋನು. ನಮ್ಮ ಮನೆಯವರಿಗೆ ಬಾಂಬೋಳಿ ಅಂದರೆ ಮೆಡಿಕಲ್ ಕಾಲೇಜು ಆಸ್ಪತ್ರೆ. ಆ ಊರಿಗೆ ಹೋಗಿ ಬರ್ತೀನಿ ಅಂದಾಗಲೆಲ್ಲ "ಯಾರಿಗೆ ಹುಷಾರಿಲ್ಲ" ಅಂತ ಅಮ್ಮ ಕೇಳ್ತಾಳೆ.

ನನ್ನ ದೂರು ಮೈದಾನದ್ದು. ಡೆಂಪೊ ಮನೆ ಮೈದಾನ ಅಂತ ಯಾವುದನ್ನ ಕರೀಬೇಕು? ಫಾತೋರ್ಡಾ ಅಂದರೆ ಎಫ್‌ಸಿ ಗೋವಾದ ಮನೆ ಅನ್ನೋ ಹಾಗಾಗಿದೆ. ಮಾಪುಸಾದ ದುಲೇರ್, ವಾಸ್ಕೋದ ತಿಲಕ್ ಮೈದಾನ, ಬಾಂಬೋಳಿ... ಒಂದು ಸಲ ಒಂದು ಕಡೆ. ಐಎಸ್‌ಎಲ್‌ನವರು ಕೊರೋನಾ ಕಾಲದಲ್ಲಿ ಎರಡು ಸೀಸನ್ ಪೂರ್ತಿ ಗೋವಾದಲ್ಲೇ ಆಡಿದಾಗ ಬಾಂಬೋಳಿ, ತಿಲಕ್ ಎರಡೂ ಚೆಂದ ಆದವು, ನಿಜ. ಆದರೆ ಪಣಜಿಯ ಕ್ಲಬ್ಬಿಗೆ ಪಣಜಿಯ ಜನ ನಡಕೊಂಡು ಹೋಗಿ ನೋಡೋ ಒಂದು ಜಾಗ ಇಲ್ಲ. ಕೆಲಸದ ದಿನ ಮಧ್ಯಾಹ್ನ ಮ್ಯಾಚ್ ಇಟ್ಟರೆ ಬರೋರು ಯಾರು? ನಿವೃತ್ತರು, ಕಾಲೇಜು ತಪ್ಪಿಸಿದ ಹುಡುಗರು, ಮತ್ತೆ ನಾನು.

ಬೆಂಗ್ಳೂರ್ ಟು ವೆರ್ಣಾ

+1. ನಿಮ್ಮ ಅಮ್ಮನ ಪ್ರಶ್ನೆಗೆ "ಮೋಹನ್ ಬಾಗಾನ್‌ಗೆ" ಅಂತ ಹೇಳಬೇಕಿತ್ತು.

ಪಣಜಿ ಮಾಸ್ತರ

ನಾನು ಈ ಊರಿಗೆ ಬಂದು ಬಹಳ ಕಾಲವಾಯಿತು. ಧಾರವಾಡದಿಂದ ಇಲ್ಲಿನ ಕನ್ನಡ ಶಾಲೆಗೆ ಮಾಸ್ತರನಾಗಿ ಬಂದವನು. ಡೆಂಪೊದ ಒಳ್ಳೆಯ ದಿನಗಳನ್ನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಕಿರಿಯರು ಬೇಸರ ಮಾಡಿಕೊಳ್ಳದೆ ಕೇಳಿ.

2006-07ರಿಂದ 2012-13ರವರೆಗೆ ಏಳು ಸೀಸನ್ ರಾಷ್ಟ್ರೀಯ ಲೀಗಿನ ಕಪ್ ಗೋವಾ ಬಿಟ್ಟು ಹೊರಗೆ ಹೋಗಲಿಲ್ಲ. ಡೆಂಪೊ ನಾಲ್ಕು, ಚರ್ಚಿಲ್ ಎರಡು, ಸಾಲ್ಗಾಂವ್ಕರ್ ಒಂದು. ಅದಕ್ಕೂ ಮುಂಚೆ 2004-05ರಲ್ಲಿ ಡೆಂಪೊದ್ದೇ ಇನ್ನೊಂದು. ಆ ಸಾಲು ತುಂಡರಿಸಿದ್ದು 2014ರಲ್ಲಿ, ಬೆಂಗಳೂರು ಎಫ್‌ಸಿ. ಆ ದಿನ ಕನ್ನಡಿಗನಾಗಿ ಹಿಗ್ಗಬೇಕೋ ಪಣಜಿಯವನಾಗಿ ಕುಗ್ಗಬೇಕೋ ತಿಳಿಯದೆ ಸುಮ್ಮನೆ ಕೂತಿದ್ದೆ.

ಆರ್ಮಾಂದೊ ಕೊಲಾಸೊ ತರಬೇತಿ ಕೊಟ್ಟ ಆ ತಂಡದಲ್ಲಿ ಗೋವಾದ ಹುಡುಗರಿಗೇನೂ ಕೊರತೆ ಇರಲಿಲ್ಲ. ಮಹೇಶ್ ಗಾವ್ಳಿ, ಕ್ಲೈಮ್ಯಾಕ್ಸ್ ಲಾರೆನ್ಸ್, ಕ್ಲಿಫರ್ಡ್ ಮಿರಾಂಡಾ, ಆಂಥನಿ ಪೆರೇರಾ, ಈಗಿನ ಕೋಚ್ ಸಮೀರ್. ಆದರೆ ಗೋಲು ಹೊಡೆದವರು ಯಾರು? ನೈಜೀರಿಯಾದ ರಾಂಟಿ ಮಾರ್ಟಿನ್ಸ್. ಪಾಸು ಕೊಟ್ಟವನು ಬ್ರೆಜಿಲ್‌ನ ಬೆಟೊ. 2011ರಲ್ಲಿ ಏರ್ ಇಂಡಿಯಾ ಮೇಲೆ 14-0 ಗೆದ್ದ ಪಂದ್ಯದಲ್ಲಿ ರಾಂಟಿ ಒಬ್ಬನೇ ಆರು. 2008ರಲ್ಲಿ ಎಎಫ್‌ಸಿ ಕಪ್‌ನ ಸೆಮಿಫೈನಲ್‌ವರೆಗೆ ಹೋಗಿದ್ದೂ ಇದೇ ಮಿಶ್ರಣದಿಂದ. ಗದಗಿನ ತಮ್ಮಾ, ಸ್ಥಳೀಯರದೇ ತಂಡ ಎಂಬುದು ಕೇಳಲು ಇಂಪು. ರಾಷ್ಟ್ರೀಯ ಲೀಗಿನ ಕಪ್ಪನ್ನು ಡೆಂಪೊ ಅಂಥ ತಂಡವಾಗಿ ಗೆದ್ದದ್ದಿಲ್ಲ. ಇಬ್ಬರು ಒಳ್ಳೆಯ ಹೊರಗಿನವರು, ಅವರ ಸುತ್ತ ಒಂಬತ್ತು ಊರಿನವರು, ಇದು ಅದರ ಗೆಲುವಿನ ಸೂತ್ರ.

ಕ್ರಿಸ್ಟಿಯಾನೊ ಜೂನಿಯರ್ ಹೆಸರನ್ನೂ ಹೇಳದಿದ್ದರೆ ಮಾತು ಪೂರ್ತಿಯಾಗದು. 2004ರ ಡಿಸೆಂಬರ್ 5, ಬೆಂಗಳೂರಿನ ಕಂಠೀರವದಲ್ಲಿ ಫೆಡರೇಶನ್ ಕಪ್ ಫೈನಲ್. ಮೋಹನ್ ಬಾಗಾನ್ ಮೇಲೆ ಎರಡೂ ಗೋಲು ಅವನದೇ. ಎರಡನೆಯದನ್ನು ಹೊಡೆಯುವಾಗ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಬಿದ್ದವನು ಏಳಲಿಲ್ಲ. ಅವನು ತೊಡುತ್ತಿದ್ದ ಹತ್ತನೇ ನಂಬರನ್ನು ಕ್ಲಬ್ಬು ಅವನ ಹೆಸರಿಗೇ ಬಿಟ್ಟಿತು. "ನಮ್ಮವರು" ಯಾರು "ಹೊರಗಿನವರು" ಯಾರು ಎಂದು ವಾದ ಮಾಡುವಾಗ ಆ ಬ್ರೆಜಿಲ್‌ನ ಹುಡುಗನನ್ನು ಯಾವ ಪಟ್ಟಿಗೆ ಹಾಕುತ್ತೀರಿ?

ಬೈನಾ ಬಸ್ಯಾ

ಮಾಸ್ತರ, ಬೆಂಗಳೂರಾಗ ಆಗಿದ್ದು ಗೊತ್ತೇ ಇರಲಿಲ್ಲ ನನಗ. 🙏

ತಾಳೆಗಾಂವ್ ಗದಗಿನಂವ

ಮಾಸ್ತರ್ರ ಮುಂದೆ ವಾದ ಮಾಡೋಕೆ ಸಂಕೋಚ. ಆದರೂ ಮಾಡ್ತೀನಿ.

ಸರ್, ನೀವು ಹೇಳಿದ ಸೂತ್ರ ಆ ಕಾಲಕ್ಕೆ ಸರಿ. ಆಗ ದೇಶದ ಮೇಲಿನ ಲೀಗೇ ಅದು, ಒಳ್ಳೆಯ ವಿದೇಶಿ ಆಟಗಾರ ಅಲ್ಲಿಗೇ ಬರ್ತಿದ್ದ. ಈಗ ಒಳ್ಳೆಯವನು ಐಎಸ್‌ಎಲ್‌ಗೆ ಹೋಗ್ತಾನೆ. ಎರಡನೇ ಲೀಗಿಗೆ ಬರೋರಲ್ಲಿ ಅಪರೂಪಕ್ಕೆ ಒಬ್ಬ ರಾಂಟಿ ಸಿಗಬಹುದು. ಉಳಿದವರು? ವಿಡಿಯೋ ನೋಡಿ ಕರೆಸಿದ್ದು, ಬಂದು ಎರಡು ಮ್ಯಾಚ್ ಆಡಿ ಮಂಡಿ ನೋವು ಅಂತ ಕೂತಿದ್ದು, ಇಂಥವು ಐ-ಲೀಗ್‌ನಲ್ಲಿ ಎಷ್ಟು ನೋಡಿಲ್ಲ? ಕಳೆದ ಸೀಸನ್‌ನಲ್ಲಿ ನಮ್ಮಲ್ಲೂ ವಿದೇಶಿಯರು ಇದ್ದರು. ಹಾಗಂತ ಲೀಗನ್ನೇನೂ ಅಲ್ಲಾಡಿಸಲಿಲ್ಲ. ವಿದೇಶಿಯರಿಲ್ಲದೆ ಕೋಲ್ಕತ್ತಾದ ಎರಡು ದೊಡ್ಡ ತಂಡಗಳನ್ನ ತಡೆದದ್ದು ಈ ವರ್ಷ. ನಾನು ಕಣ್ಣಲ್ಲಿ ಕಂಡದ್ದನ್ನ ಹೇಳ್ತಿದ್ದೀನಿ ಅಷ್ಟೇ.

ಹಾಗಂತ ಹೊರಗಿನವರೇ ಬೇಡ ಅಂತ ಅಲ್ಲ. ವೆರ್ಣಾದವರು ಹೇಳಿದ ಹಾಗೆ ಗೋಲು ಹೊಡೆಯೋನು ಒಬ್ಬ ಬೇಕೇ ಬೇಕು. ಸ್ಟ್ರೈಕರ್ ಒಬ್ಬನೇ ಒಬ್ಬ. ಉಳಿದ ಹತ್ತು ಜಾಗ ಊರವರಿಗೇ ಇರಲಿ. ಮಿಡ್‌ಫೀಲ್ಡ್‌ಗೆ ಸ್ಪೇನ್‌ನವನು, ಡಿಫೆನ್ಸ್‌ಗೆ ಇನ್ನೆಲ್ಲಿಂದಲೋ ಒಬ್ಬ ಅಂತ ತುಂಬುತ್ತಾ ಹೋದರೆ ಹದಿನೆಂಟು, ಇಪ್ಪತ್ತು ವರ್ಷದ ಹುಡುಗ ಮತ್ತೆ ಬೆಂಚಿಗೆ. ಬೆಂಚಿನಲ್ಲಿ ಎರಡು ವರ್ಷ ಕೂತ ಹುಡುಗ ಹೊಟ್ಟೆಪಾಡಿಗೆ ಹಡಗಿನ ಕೆಲಸಕ್ಕೋ ದುಬೈಗೋ ಹೋಗ್ತಾನೆ. ಗೋವಾದ ಎಷ್ಟು ಮನೆಗಳಲ್ಲಿ ಹೀಗೆ ಆಗಿಲ್ಲ? ಬೇಸಿಗೆಯಲ್ಲಿ ಗದ್ದೆ ಟೂರ್ನಮೆಂಟುಗಳಲ್ಲಿ ಆಡೋರನ್ನ ನೋಡಿ, ಇವನು ಯಾಕೆ ಕ್ಲಬ್ಬಿನಲ್ಲಿಲ್ಲ ಅನ್ನಿಸುವಂಥವನು ಪ್ರತಿ ಊರಿನಲ್ಲೂ ಒಬ್ಬ ಸಿಗ್ತಾನೆ.

ಕ್ರಿಸ್ಟಿಯಾನೊ ಬಗ್ಗೆ ನೀವು ಕೇಳಿದ್ದಕ್ಕೆ ನನ್ನ ಹತ್ತಿರ ಎದುರುಮಾತಿಲ್ಲ ಸರ್.

ಬೆಂಗ್ಳೂರ್ ಟು ವೆರ್ಣಾ

ಸರಿ, ಇದಕ್ಕೆ ಉತ್ತರ ಕೊಡಿ ಅಣ್ಣಾ. ಡೈಮಂಡ್ ಹಾರ್ಬರ್. ಮೊನ್ನೆ ಮೊನ್ನೆ ಹುಟ್ಟಿದ ಕ್ಲಬ್ಬು. ಐ-ಲೀಗ್ 3, ಐ-ಲೀಗ್ 2 ಎರಡನ್ನೂ ಒಂದೇ ಉಸಿರಿಗೆ ದಾಟಿ ಐ-ಲೀಗ್‌ಗೆ ಬಂತು, 2025ರ ಡ್ಯುರಾಂಡ್ ಕಪ್ ಫೈನಲ್ಲೂ ಆಡಿತು. ಅವರು ತಾಳ್ಮೆ, ಬೇರು ಅಂತ ಕಾಯಲಿಲ್ಲ. ಒಳ್ಳೆ ಕೋಚ್, ಒಳ್ಳೆ ವಿದೇಶಿಯರು, ನುಗ್ಗಿದರು. ಇಂಟರ್ ಕಾಶಿನೂ ಹಾಗೇ. ನೀವು ಹುಡುಗರನ್ನ ಬೆಳೆಸ್ತಾ ಕೂತರೆ ಪಕ್ಕದಿಂದ ಎಲ್ಲರೂ ಓವರ್‌ಟೇಕ್ ಮಾಡ್ತಾರೆ.

ಮಡಗಾಂವ್ ಕೆಂಪು

ಆ ಫೈನಲ್‌ನಲ್ಲಿ ನಾರ್ತ್ ಈಸ್ಟ್ ಯುನೈಟೆಡ್ ತಂಡ ಅವರಿಗೆ 6-1 ಹೊಡೀತು ಅನ್ನೋದನ್ನೂ ಬರೀರಿ.

ಸಾವರ್ಡೆ ಟಿಪ್ಪರ್

ನುಗ್ಗಿದವರು ನಿಲ್ಲಬೇಕಲ್ಲಪಾ. ಮುಂಬೈಯೊಳಗ ಮಹೀಂದ್ರಾ ಯುನೈಟೆಡ್ ಇತ್ತು, 2006ರಾಗ ಲೀಗ್ ಗೆದ್ದಿತ್ತು. 2010ಕ್ಕ ಅಂಗಡಿ ಮುಚ್ಚಿದರು. ಪುಣೆದಾಗ ಪುಣೆ ಎಫ್‌ಸಿ, ಡಿಎಸ್‌ಕೆ ಶಿವಾಜಿಯನ್ಸ್, ಎಫ್‌ಸಿ ಪುಣೆ ಸಿಟಿ, ಒಂದಾದ ಮ್ಯಾಲ ಒಂದು ಬಾಗಲಾ ಹಾಕಿದವು. ನನ್ನ ತಮ್ಮ ಪಿಂಪ್ರಿಯೊಳಗ ಇರತಾನ, ಆಫೀಸಿನವರ ಜೋಡಿ ಬಾಲೇವಾಡಿಗೆ ಮ್ಯಾಚ್ ನೋಡಲಿಕ್ಕೆ ಹೊಕ್ಕಿದ್ದ. ಈಗ ಟಿವಿಯೊಳಗ ಇಂಗ್ಲೆಂಡಿನ ಟೀಮ್ ನೋಡತಾನ. ಮಾಲೀಕರ ಮನಸ್ಸಿಗೆ ಬಂದರ ಟೀಮು, ಬ್ಯಾಡಂದ್ರ ಇಲ್ಲ. ನಾ ಮೊದಲ ಕೇಳಿದ ಪ್ರಶ್ನೆ ಇನ್ನೂ ಹಂಗ ಐತಿ.

ತಾಳೆಗಾಂವ್ ಗದಗಿನಂವ

ಕಾಕಾ, ಅದಕ್ಕೇ ಬರ್ತಿದ್ದೆ. ಗ್ಯಾರಂಟಿ ಯಾರೂ ಕೊಡಲ್ಲ. ಬಿಟ್ಟು ಹೋಗೋದು ಮಾಲೀಕರಿಗೆ ಸುಲಭ ಆಗಬಾರದು, ನಮ್ಮ ಕೈಲಿ ಆಗೋದು ಅಷ್ಟು. ಎರಡು ಕೋಟಿ ಕೊಟ್ಟು ಕರೆಸಿದ ಐದು ವಿದೇಶಿಯರ ತಂಡ ಆದರೆ ಮಾಲೀಕ ಒಂದು ದಿನ ಕೂತು ಖರ್ಚಿನ ಪುಸ್ತಕ ನೋಡ್ತಾನೆ, ಮಾರನೇ ದಿನ ಬೀಗ. ಅದೇ ಎಲಾದ ಮೈದಾನದಲ್ಲಿ ಸಣ್ಣ ವಯಸ್ಸಿನ ತಂಡಗಳು ಆಡ್ತಾ, ಮೇಲಿನ ತಂಡದಲ್ಲಿ ಅಲ್ಲಿಂದ ಬಂದವರೇ ತುಂಬಿಕೊಂಡರೆ ಖರ್ಚೂ ಕಡಿಮೆ, ಬಿಡೋಕೂ ಕಷ್ಟ. 2016ರಲ್ಲಿ ಹೊರಗೆ ಹೋದ ಮೇಲೂ ಡೆಂಪೊ ಸತ್ತುಹೋಗಲಿಲ್ಲ ನೋಡಿ. ಗೋವಾ ಲೀಗ್ ಆಡ್ತಾ ಉಳೀತು, 2023ರಲ್ಲಿ ಮತ್ತೆ ರಾಷ್ಟ್ರೀಯ ಲೀಗಿಗೆ ಕಾಲಿಡೋಕೆ ಒಂದು ತಂಡ ಇತ್ತು. ಪುಣೆಯಲ್ಲಿ ವಾಪಸ್ ಬರೋದಕ್ಕೆ ಏನು ಉಳಿದಿತ್ತು?

ಅದಲ್ಲದೆ 2025ರ ಕೊನೆಯ ಪರಿಸ್ಥಿತಿ ನೋಡಿ. ಐಎಸ್‌ಎಲ್ ನಡೆಸೋ ಕಂಪನಿ ಜೊತೆ ಫೆಡರೇಶನ್ನಿಗಿದ್ದ ಹಳೇ ವಾಣಿಜ್ಯ ಒಪ್ಪಂದ ಡಿಸೆಂಬರ್ 8ಕ್ಕೆ ಮುಗೀತು. ಆ ಹೊತ್ತಿಗೆ ಐಎಸ್‌ಎಲ್ಲೇ ಶುರುವಾಗಿರಲಿಲ್ಲ, ಐ-ಲೀಗ್ ಕೇಳೋರಿರಲಿಲ್ಲ. ಇಂಥ ಹೊತ್ತಲ್ಲಿ ವಿದೇಶಿಯರ ಜೊತೆ ಕರಾರು ಮಾಡ್ಕೊಂಡ ಕ್ಲಬ್ಬುಗಳು ಆಟವೇ ಇಲ್ಲದೆ ತಿಂಗಳ ಸಂಬಳ ಕೊಡ್ತಾ ಕೂತಿದ್ದವು. ಐಜ್ವಾಲ್, ಶಿಲ್ಲಾಂಗ್, ಶ್ರೀನಗರ ಅಂತ ವಿಮಾನದ ಖರ್ಚು ಬೇರೆ ಮುಂದೆ ಕಾದಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋ ಹಾಗೆ ಐಎಸ್‌ಎಲ್ ಕನಸು ಕಾಣೋದಕ್ಕಿಂತ, ಲೀಗ್ ಯಾವತ್ತು ಶುರುವಾದರೂ ಮಾರನೇ ದಿನ ಮೈದಾನಕ್ಕಿಳಿಯಬಲ್ಲ ತಂಡ ಕೈಯಲ್ಲಿರೋದು ನನಗೆ ದೊಡ್ಡದು. ಸೂಪರ್ ಕಪ್‌ಗೆ ಕೊನೇ ಗಳಿಗೆಯಲ್ಲಿ ಕರೆ ಬಂದಾಗ ಡೆಂಪೊ ಹೋಗಿ ಆಡಿದ್ದು ಅದೇ ಕಾರಣಕ್ಕೆ. ಹುಡುಗರೆಲ್ಲ ಊರಲ್ಲೇ ಇದ್ದರು.

ಪಣಜಿ ಮಾಸ್ತರ

ಕೊನೆಯ ಮಾತು ಒಪ್ಪಿದೆ. ಸ್ಟ್ರೈಕರ್ ಒಬ್ಬ ಅಲ್ಲ, ಇಬ್ಬರು ಬೇಕು ಎಂಬ ನನ್ನ ಹಟ ಹಾಗೇ ಇದೆ. ಒಬ್ಬನಿಗೆ ಹಳದಿ ಕಾರ್ಡುಗಳು ಸೇರಿ ಅಮಾನತು ಬಂದರೆ ಏನು ಮಾಡುತ್ತೀ?

ತಾಳೆಗಾಂವ್ ಗದಗಿನಂವ

ಆಗ ಹತ್ತೊಂಬತ್ತರ ಹುಡುಗನೊಬ್ಬನಿಗೆ ಚಾನ್ಸ್ ಸಿಗುತ್ತೆ ಸರ್.

ಕಾರವಾರಿ ಬಾಂಗ್ಡೆ

ಮೈದಾನದ ಬಗ್ಗೆ ನಾನು ಹೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಲೀಗ್ ಶುರುವಾದಾಗ ಭಾನುವಾರ ಇಡಿ ಅಂತ ಕ್ಲಬ್ಬಿಗೆ ಎಲ್ಲರೂ ಸೇರಿ ಒಂದು ಪತ್ರ ಬರೆಯೋಣ. ಕೊಂಕಣಿಯಲ್ಲಿ ನಾನು ಬರೀತೀನಿ.

ಬೈನಾ ಬಸ್ಯಾ

ಪತ್ರದಾಗ ಟ್ರಯಲ್ಸ್ ಕಾಗದದ ಮಾತೂ ಹಾಕ್ರಿ. ವಾಸ್ಕೋ ಕಡೆ ಒಂದು ಟ್ರಯಲ್ಸ್ ಇಡ್ರಿ ಅಂತ ಕೇಳ್ರಿ. ಹುಡುಗೂರನ್ನ ಕರಕೊಂಡು ಬರೂ ಜವಾಬ್ದಾರಿ ನಂದು. ಟಿಪ್ಪರ್ ಕಾಕಾ, ನಿಮ್ಮ ಟೆಂಪೊ ಒಂದು ದಿನ ಸಿಗತೈತೇನ್ರಿ?

ಸಾವರ್ಡೆ ಟಿಪ್ಪರ್

ಡೀಸೆಲ್ ನೀ ಹಾಕಿಸು.